ಸ್ಟಾಲಿನ್ ಒಬ್ಬನೇ ವಿಲನ್ ಆದರೆ ಯಾರಿಗೆ ಲಾಭ?

2025ರ ಮೇ ತಿಂಗಳಲ್ಲಿ ಮಾಸ್ಕೋದ ಟಗಾನ್‌ಸ್ಕಾಯಾ ಮೆಟ್ರೋ ನಿಲ್ದಾಣಕ್ಕೆ ಸ್ಟಾಲಿನ್ ವಾಪಸ್ ಬಂದ. ಗೋಡೆಯ ಮೇಲಿನ ಉಬ್ಬುಶಿಲ್ಪವಾಗಿ. ಮಧ್ಯದಲ್ಲಿ ಅವನು ನಿಂತಿದ್ದಾನೆ, ಸುತ್ತ ಹೂ ಹಿಡಿದ ಮಕ್ಕಳು, ಖುಷಿಯಿಂದ ಅವನನ್ನೇ ನೋಡುತ್ತಿರುವ ಜನ. 1950ರಲ್ಲಿ ಇದೇ ನಿಲ್ದಾಣದಲ್ಲಿ ಇಂಥದ್ದೇ ಶಿಲ್ಪ ಇತ್ತು, 60ರ ದಶಕದಲ್ಲಿ ಅದನ್ನು ಕಿತ್ತುಹಾಕಿದ್ದರು. ಈಗ ಅದರ ನಕಲು ಮಾಡಿಸಿ ಮತ್ತೆ ಕೂರಿಸಿದ್ದಾರೆ. ಕೆಲವೇ ವಾರಗಳ ಹಿಂದೆ ವೋಲ್ಗೊಗ್ರಾಡ್ ವಿಮಾನ ನಿಲ್ದಾಣಕ್ಕೆ ಸ್ಟಾಲಿನ್‌ಗ್ರಾಡ್ ಎಂದು ಹೆಸರಿಡುವ ಆದೇಶಕ್ಕೆ ಪುಟಿನ್ ಸಹಿ ಹಾಕಿ ಆಗಿತ್ತು. 2019ರಲ್ಲಿ ಲೆವಾಡಾ ಎಂಬ ಸಂಸ್ಥೆ ಸಮೀಕ್ಷೆ ಮಾಡಿದಾಗ ನೂರಕ್ಕೆ 70 ಮಂದಿ ರಷ್ಯನ್ನರು 'ಸ್ಟಾಲಿನ್‌ನಿಂದ ದೇಶಕ್ಕೆ ಒಳ್ಳೆಯದೇ ಆಯಿತು' ಎನ್ನುವ ಅರ್ಥದ ಉತ್ತರ ಕೊಟ್ಟಿದ್ದರು.

ನೆನಪಿರಲಿ, ಇದು 1937 ಮತ್ತು 38ರ ಎರಡೇ ವರ್ಷಗಳಲ್ಲಿ ಸುಮಾರು 6 ಲಕ್ಷ 80 ಸಾವಿರ ಜನರಿಗೆ ಗುಂಡು ಹೊಡೆಸಿದ ಆಡಳಿತ. ಅದು ಸರ್ಕಾರದ ಕಡತಗಳಲ್ಲೇ ಇರುವ ಲೆಕ್ಕ. ಉಕ್ರೇನಿನ ಬರಗಾಲದಲ್ಲಿ ಸತ್ತವರು, ಸೆರೆಶಿಬಿರಗಳಲ್ಲಿ ಚಳಿಗೆ, ಹಸಿವಿಗೆ ಸತ್ತವರು ಇದರಲ್ಲಿ ಸೇರಿಲ್ಲ.

ಹಾಗಾದರೆ ಇಂಥವನನ್ನು ವಿಡಂಬನೆಯಲ್ಲಿ ವಿಲನ್ ಮಾಡುವುದು ಸುಲಭ ಅನ್ನಿಸುತ್ತದೆ, ಅಲ್ವಾ? ಮೀಸೆ ಇದೆ, ಪೈಪ್ ಇದೆ, ಕ್ರೌರ್ಯ ಬೇಕಾದಷ್ಟಿದೆ. ನಟನಿಗೆ ಒಂದು ಮೀಸೆ ಅಂಟಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಸ್ಟಾಲಿನ್ ಬಗ್ಗೆ ಬಂದ, ಈಚಿನ ವರ್ಷಗಳಲ್ಲಿ ತುಂಬ ಗಲಾಟೆ ಎಬ್ಬಿಸಿದ ವಿಡಂಬನೆ ಮಾಡಿದ್ದು ಇದರ ಉಲ್ಟಾ. ಆರ್ಮಾಂಡೊ ಇಯಾನುಚಿ ನಿರ್ದೇಶಿಸಿದ, 2017ರ 'ದಿ ಡೆತ್ ಆಫ್ ಸ್ಟಾಲಿನ್' ಸಿನಿಮಾದಲ್ಲಿ ಸ್ಟಾಲಿನ್ ಶುರುವಿನಲ್ಲೇ ಕುಸಿದು ಬೀಳುತ್ತಾನೆ. ಆಮೇಲೆ ಅವನು ಬರೀ ಒಂದು ಭಾರವಾದ ಹೆಣ. ಉಳಿದ ಸಿನಿಮಾ ಪೂರ್ತಿ ಅವನ ಸುತ್ತ ಇದ್ದವರದ್ದು. ಅವರು ಹೆಣದ ಮುಂದೆ ಅಳುತ್ತಾರೆ, ಹೆಣದ ಹಿಂದೆ ಲೆಕ್ಕ ಹಾಕುತ್ತಾರೆ.

ರಷ್ಯಾದಲ್ಲಿ 2018ರ ಜನವರಿ 25ಕ್ಕೆ ಈ ಸಿನಿಮಾ ಬಿಡುಗಡೆ ಆಗಬೇಕಿತ್ತು. ಪರವಾನಗಿ ಸಿಕ್ಕಿತ್ತು. ಎರಡು ದಿನ ಇರುವಾಗ ಸಂಸ್ಕೃತಿ ಸಚಿವಾಲಯ ಅದನ್ನು ವಾಪಸ್ ತೆಗೆದುಕೊಂಡಿತು. ನಿಕಿತಾ ಮಿಖಾಲ್ಕೋವ್‌ರಂಥ ದೊಡ್ಡ ನಿರ್ದೇಶಕರೇ ಬೇಡ ಎಂದು ಪತ್ರಕ್ಕೆ ಸಹಿ ಹಾಕಿದ್ದರು, ಎರಡನೇ ಮಹಾಯುದ್ಧದ ಸೇನಾನಿ ಮಾರ್ಷಲ್ ಝುಕೋವ್‌ನ ಮಗಳೂ ಹಾಕಿದ್ದರು. ಮಾಸ್ಕೋದ ಪಯನೀರ್ ಎಂಬ ಥಿಯೇಟರ್ ಆದದ್ದಾಗಲಿ ಎಂದು ಪ್ರದರ್ಶನ ಮಾಡಿತು, ಪೊಲೀಸರು ಬಂದರು. ಆಗಿನ ಸಂಸ್ಕೃತಿ ಸಚಿವ ಮೆಡಿನ್‌ಸ್ಕಿ ಹೇಳಿದ್ದು ಕುತೂಹಲದ್ದು. ಇದು ಫ್ಯಾಸಿಸಂ ಸೋಲಿಸಿದ ದೇಶಕ್ಕೆ, ಸೋವಿಯತ್ ಸೈನ್ಯಕ್ಕೆ, ಸಾಮಾನ್ಯ ಜನಕ್ಕೆ, ಕೊನೆಗೆ ಸ್ಟಾಲಿನ್ ಕಾಲದಲ್ಲಿ ನೊಂದವರಿಗೂ ಮಾಡಿದ ಅವಮಾನ ಎಂದು ಬಹಳ ಜನಕ್ಕೆ ಅನ್ನಿಸುತ್ತದೆ ಅಂದರು. ಸ್ಟಾಲಿನ್ಗೆ ಅವಮಾನ ಆಯಿತು ಅನ್ನಲಿಲ್ಲ, ಗಮನಿಸಿ. ಅವನನ್ನು ಕ್ರೂರಿ ಅಂದದ್ದು ಆಗ ಸರ್ಕಾರಕ್ಕೆ ದೊಡ್ಡ ತೊಂದರೆ ಆಗಿರಲಿಲ್ಲ. 2017ರ ಅಕ್ಟೋಬರಿನಲ್ಲಷ್ಟೇ ಪುಟಿನ್ ಅವರೇ ಮಾಸ್ಕೋದಲ್ಲಿ ಆ ಕಾಲದ ದಬ್ಬಾಳಿಕೆಗೆ ಬಲಿಯಾದವರ ದೊಡ್ಡ ಸ್ಮಾರಕ ಉದ್ಘಾಟಿಸಿದ್ದರು.

ಹಾಗಾದರೆ ತೊಂದರೆ ಎಲ್ಲಿ? ನನ್ನ ಪ್ರಕಾರ ವಿಲನ್ ಪಾತ್ರವನ್ನು ಆ ಸಿನಿಮಾ ಒಬ್ಬನಿಗೆ ಕೊಡದೆ ಹಂಚಿಬಿಟ್ಟಿತು, ಅದೇ ತೊಂದರೆ. ಇದು ಅರ್ಥ ಆಗಬೇಕಾದರೆ ಮೊದಲು 1953ರ ಮಾರ್ಚ್ ತಿಂಗಳಲ್ಲಿ ಸ್ಟಾಲಿನ್ ಸಾಯುವಾಗಿನ ಆ ಐದು ದಿನ ನಿಜವಾಗಿ ಏನಾಯಿತು ಅಂತ ನೋಡಬೇಕು. ಸಿನಿಮಾಕ್ಕಿಂತ ಅದೇ ದೊಡ್ಡ ವಿಡಂಬನೆ.

ಫೆಬ್ರವರಿ 28ರ ರಾತ್ರಿ ಸ್ಟಾಲಿನ್ ಕ್ರೆಮ್ಲಿನ್‌ನಲ್ಲಿ ಸಿನಿಮಾ ನೋಡಿದ. ಆಮೇಲೆ ಬೆರಿಯಾ, ಮಲೆಂಕೋವ್, ಕ್ರುಶ್ಚೇವ್, ಬುಲ್ಗಾನಿನ್ ಈ ನಾಲ್ವರು ಆಪ್ತ ನಾಯಕರನ್ನು ಕರೆದುಕೊಂಡು ಕುಂಟ್ಸೆವೊದ ತನ್ನ ತೋಟದ ಮನೆಗೆ ಊಟಕ್ಕೆ ಹೋದ. ಈ ಊಟಗಳು ಹೇಗಿರುತ್ತಿದ್ದವು ಅಂದರೆ, ನಡುರಾತ್ರಿ ಶುರುವಾಗಿ ಬೆಳಗಿನ ಜಾವದವರೆಗೂ ಕುಡಿಯಲೇಬೇಕು, ಯಾರೋ ಕೂರುವ ಜಾಗದಲ್ಲಿ ಟೊಮೇಟೊ ಇಟ್ಟು ನಗುವುದು, ದಪ್ಪ ಹೊಟ್ಟೆಯ ಕ್ರುಶ್ಚೇವ್‌ನನ್ನು ಮಂಡಿ ಮಡಿಸಿ ಗೋಪಾಕ್ ಎನ್ನುವ ಉಕ್ರೇನಿನ ಕುಣಿತ ಕುಣಿಸುವುದು. ಸ್ಟಾಲಿನ್ ಕುಣಿ ಅಂದರೆ ಬುದ್ಧಿ ಇದ್ದವನು ಕುಣಿಯುತ್ತಾನೆ ಅಂತ ಆಮೇಲೆ ಕ್ರುಶ್ಚೇವ್‌ನೇ ಹೇಳಿಕೊಂಡ. ದೇಶದ ಅಷ್ಟು ದೊಡ್ಡ ಮನುಷ್ಯ!

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಎಲ್ಲರೂ ಹೊರಟರು. ಮಾರ್ಚ್ 1, ಭಾನುವಾರ. ಮಧ್ಯಾಹ್ನವಾದರೂ ಸ್ಟಾಲಿನ್ ಎದ್ದ ಸುಳಿವಿಲ್ಲ. ಕಾವಲುಗಾರರು ಹೊರಗೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕರೆಯದೆ ಒಳಗೆ ಹೋಗುವ ಹಾಗಿಲ್ಲ. ಸಂಜೆ ಆರೂವರೆಗೆ ಒಳಗೆ ಲೈಟ್ ಹತ್ತಿತು, ಸದ್ಯ ಎದ್ದ ಅಂತ ಸಮಾಧಾನ ಮಾಡಿಕೊಂಡರು. ಆಮೇಲೆ ಮತ್ತೆ ನಿಶ್ಶಬ್ದ. ನೀನು ಹೋಗು, ನೀನೇ ಹೋಗು ಅಂತ ಹಗ್ಗಜಗ್ಗಾಟ ನಡೆದು, ಕೊನೆಗೆ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಲೊಜ್ಗಾಚೇವ್ ಎಂಬವನು ಅಂಚೆ ಬಂದಿದೆ ಎನ್ನುವ ನೆಪ ಹಿಡಿದು ಒಳಗೆ ಹೋದ. ಸ್ಟಾಲಿನ್ ನೆಲದ ಮೇಲೆ ಬಿದ್ದಿದ್ದ. ಬಟ್ಟೆ ಒದ್ದೆ. ಮಾತು ಬರುತ್ತಿರಲಿಲ್ಲ. ಪಕ್ಕದಲ್ಲಿ ಗಡಿಯಾರ ಬಿದ್ದಿತ್ತು, ಅದು ಆರೂವರೆಗೆ ನಿಂತುಹೋಗಿತ್ತು. ಅಂದರೆ ಆ ಮನುಷ್ಯ ಗಂಟೆಗಟ್ಟಲೆ ಹಾಗೇ ಬಿದ್ದಿದ್ದ, ಬಾಗಿಲಾಚೆ ಕಾವಲುಗಾರರು ಅವನಿಗೇ ಹೆದರಿ ಕೂತಿದ್ದರು. ಇಡೀ ದೇಶಕ್ಕೆ ಹಂಚಿದ್ದ ಹೆದರಿಕೆ ಕೊನೆಗೆ ಅವನ ರೂಮಿನ ಬಾಗಿಲಿಗೇ ಬಂದು ಅಡ್ಡ ನಿಂತಿತು.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಟಾಲಿನ್ ಹೀಗೆ ನೆಲದ ಮೇಲೆ ಬಿದ್ದಿದ್ದ ಅದೇ ಮಾರ್ಚ್ 1ರಂದು ನಮ್ಮ ಪಕ್ಕದ ಮದರಾಸಿನಲ್ಲಿ ಕರುಣಾನಿಧಿಯವರಿಗೆ ಗಂಡು ಮಗು ಹುಟ್ಟಿತು. ಕೆಲವು ದಿನಗಳಲ್ಲಿ ನಡೆದ ಸಂತಾಪ ಸಭೆಯಲ್ಲಿ ಮಗುವಿಗೆ ಸ್ಟಾಲಿನ್ ಅಂತಲೇ ಹೆಸರಿಡುತ್ತೇನೆ ಅಂದರು. 2021ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿಯಾದವರು ಅವರೇ. ಆಗ ನಮ್ಮ ಕಡೆ ಆ ಹೆಸರಿಗೆ ಇದ್ದ ಬೆಲೆಯೇ ಬೇರೆ. ಆಮೇಲೂ ಅಷ್ಟೇ, ಸೋವಿಯತ್ ಪತ್ರಿಕೆಗಳ ನುಣುಪು ಹಾಳೆಯಲ್ಲಿ ಶಾಲೆ ಪುಸ್ತಕಕ್ಕೆ ಬೈಂಡ್ ಹಾಕಿಕೊಂಡ, ನವಕರ್ನಾಟಕದ ಅಂಗಡಿಯಲ್ಲಿ ಅಗ್ಗಕ್ಕೆ ರಷ್ಯನ್ ಕಥೆ ಕೊಂಡ ತಲೆಮಾರಿಗೆ ಆ ದೇಶ ಅಂದರೆ ಬಣ್ಣದ ಚಿತ್ರ, ಗೋಧಿ ಹೊಲ, ನಗುವ ಮಕ್ಕಳು.)

ಕಾವಲುಗಾರರು ಡಾಕ್ಟರಿಗೆ ಫೋನ್ ಮಾಡಲಿಲ್ಲ. ಮೇಲಿನವರಿಗೆ ಮಾಡಿದರು. ಮೇಲಿನವನು ಅವನ ಮೇಲಿನವನನ್ನು ಕೇಳಿ ಅಂದ. ನಡುರಾತ್ರಿ ದಾಟಿದ ಮೇಲೆ ಬೆರಿಯಾ, ಮಲೆಂಕೋವ್ ಬಂದರು. ಮಲೆಂಕೋವ್‌ನ ಹೊಸ ಶೂ ಕಿರ್ ಕಿರ್ ಅನ್ನುತ್ತಿತ್ತಂತೆ. ಆತ ಅದನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಬರೀ ಕಾಲುಚೀಲದಲ್ಲಿ ಒಳಗೆ ಹೋದ, ಇದು ಕಾವಲುಗಾರ ಲೊಜ್ಗಾಚೇವ್ ಆಮೇಲೆ ಹೇಳಿದ ಮಾತು. ಬೆರಿಯಾ ನೋಡಿ, ಕಾಮ್ರೇಡ್ ಸ್ಟಾಲಿನ್ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ, ಸುಮ್ನೆ ಗಾಬರಿ ಮಾಡಬೇಡಿ ಅಂತ ಬೈದು ಹೋದ. ಡಾಕ್ಟರುಗಳು ಬಂದದ್ದು ಮರುದಿನ ಬೆಳಿಗ್ಗೆ.

ಯಾವ ಡಾಕ್ಟರುಗಳು? ಇಲ್ಲಿದೆ ನೋಡಿ ಅಸಲಿ ವಿಷಯ. ಜನವರಿ 13ರಂದು ಪಕ್ಷದ 'ಪ್ರಾವ್ದಾ' ಪತ್ರಿಕೆ ಡಾಕ್ಟರುಗಳ ಪಿತೂರಿ ಬಯಲಾಯಿತು ಅಂತ ದೊಡ್ಡ ಸುದ್ದಿ ಹಾಕಿತ್ತು. ನಾಯಕರನ್ನು ಔಷಧಿ ಹೆಸರಲ್ಲಿ ಕೊಲ್ಲಲು ಹೊರಟಿದ್ದರು ಅಂತ ದೇಶದ ಒಳ್ಳೊಳ್ಳೆಯ ವೈದ್ಯರನ್ನೆಲ್ಲ ಹಿಡಿದು ಜೈಲಿಗೆ ಹಾಕಿ ಬಡಿಯುತ್ತಿದ್ದರು, ಅವರಲ್ಲಿ ಬಹಳ ಮಂದಿ ಯಹೂದಿಗಳು. ಸ್ಟಾಲಿನ್‌ನ ಸ್ವಂತ ವೈದ್ಯ ವಿನೋಗ್ರಾದೋವ್ ಕೂಡ ಒಳಗಿದ್ದ. ಯಾಕೋವ್ ರಾಪೊಪೋರ್ಟ್ ಎನ್ನುವ ಇನ್ನೊಬ್ಬ ಬಂಧಿತ ವೈದ್ಯ ಆಮೇಲೆ ಬರೆದುಕೊಂಡ ಸಂಗತಿ ಇದು. ದಿನಾ ಪಿತೂರಿ ಒಪ್ಪಿಕೋ ಎಂದು ಪೀಡಿಸುತ್ತಿದ್ದ ತನಿಖಾಧಿಕಾರಿ ಒಂದು ದಿನ ದನಿ ಬದಲಿಸಿದ. ಉಸಿರಾಟ ಹೀಗೆ ಹೀಗೆ ಆದರೆ ಏನರ್ಥ, ರೋಗಿ ಉಳಿಯುತ್ತಾನಾ, ಇಂಥ ಕಾಯಿಲೆಗೆ ಒಳ್ಳೆಯ ಡಾಕ್ಟರ್ ಯಾರು ಅಂತ ಕೇಳಿದ. ರಾಪೊಪೋರ್ಟ್ ಹೆಸರು ಹೇಳಿದ. ಅವನು ಯಾರ ಯಾರ ಹೆಸರು ಹೇಳಿದನೋ ಅವರೆಲ್ಲ ಜೈಲಲ್ಲೇ ಇದ್ದರು.

ಇದಕ್ಕೆ ಜೋಕ್ ಸೇರಿಸುವ ಅಗತ್ಯ ಯಾವ ಬರಹಗಾರನಿಗಿದೆ? ಇಯಾನುಚಿ ತಂಡ ಎಷ್ಟೋ ಕಡೆ ನಿಜವನ್ನು ಕಡಿಮೆ ಮಾಡಿಯೇ ತೋರಿಸಿದೆ. ಸಿನಿಮಾದಲ್ಲಿ ಝುಕೋವ್‌ನ ಎದೆ ತುಂಬ ಪದಕ ನೋಡಿ ನಗು ಬರುತ್ತದೆ, ನಿಜದ ಝುಕೋವ್ ಹತ್ತಿರ ಅದಕ್ಕಿಂತ ಜಾಸ್ತಿ ಇದ್ದವು. ಅಷ್ಟನ್ನೂ ಹಾಕಿದ್ದರೆ ಯಾರೂ ನಂಬುತ್ತಿರಲಿಲ್ಲ.

ಸ್ಟಾಲಿನ್ ಸತ್ತದ್ದು ಮಾರ್ಚ್ 5ರ ರಾತ್ರಿ 9 ಗಂಟೆ 50 ನಿಮಿಷಕ್ಕೆ. ಕೊನೆಯ ದರ್ಶನಕ್ಕೆ ನುಗ್ಗಿದ ಜನದಲ್ಲಿ ಟ್ರೂಬ್ನಾಯಾ ಚೌಕದ ಹತ್ತಿರ ಕಾಲ್ತುಳಿತ ಆಗಿ ಬಹಳ ಮಂದಿ ಸತ್ತರು. ಎಷ್ಟು ಜನ ಅಂತ ಸರ್ಕಾರ ಹೇಳಲೇ ಇಲ್ಲ.

ಈಗ ಮೊಲೊಟೊವ್ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ವಾದದ ಜೀವ ಇರುವುದು ಇಲ್ಲಿ. ವರ್ಷಗಟ್ಟಲೆ ಸ್ಟಾಲಿನ್‌ನ ಬಲಗೈ ಆಗಿದ್ದವನು ಮೊಲೊಟೊವ್. ಅವನ ಹೆಂಡತಿ ಪೊಲಿನಾ ಯಹೂದಿ, ಸ್ವತಃ ಮಂತ್ರಿಯಾಗಿದ್ದವಳು. ಆಕೆಯನ್ನು ಪಕ್ಷದಿಂದ ಹೊರಹಾಕುವ ಪ್ರಶ್ನೆ ಬಂದಾಗ ಮೊಲೊಟೊವ್ ಮತ ಹಾಕದೆ ಸುಮ್ಮನಿದ್ದ. ಕೆಲವೇ ವಾರಗಳಲ್ಲಿ ಹೆದರಿ, ನಾನು ಮಾಡಿದ್ದು ತಪ್ಪು, ಹೊರಹಾಕಿದ್ದೇ ಸರಿ ಅಂತ ಬರೆದುಕೊಟ್ಟ. 1949ರಲ್ಲಿ ಪೊಲಿನಾ ಬಂಧನವಾಯಿತು. ಅವನು ಆಮೇಲೂ ಸ್ಟಾಲಿನ್‌ನ ಜೊತೆ ಅದೇ ಮೇಜಿಗೆ ಕೂತು ಊಟ ಮಾಡಿದ. ಸ್ಟಾಲಿನ್‌ನ ಅಂತ್ಯಕ್ರಿಯೆ ನಡೆದದ್ದು ಮಾರ್ಚ್ 9ರಂದು, ಅದು ಮೊಲೊಟೊವ್‌ನ ಹುಟ್ಟುಹಬ್ಬ. ಮರುದಿನ ಬೆರಿಯಾ ಪೊಲಿನಾಳನ್ನು ಬಿಡಿಸಿ ತಂದ. ಸ್ಟಾಲಿನ್ ಸತ್ತದ್ದು ಆಕೆಗೆ ಗೊತ್ತಿರಲಿಲ್ಲ. ಆಕೆ ಕೇಳಿದ ಮೊದಲ ಪ್ರಶ್ನೆ, 'ಸ್ಟಾಲಿನ್ ಹೇಗಿದ್ದಾರೆ?' ಇದನ್ನು ಮೊಲೊಟೊವ್‌ನೇ ಮುದುಕನಾದ ಮೇಲೆ ಹೇಳಿಕೊಂಡದ್ದು. ಇಬ್ಬರೂ ಸಾಯುವವರೆಗೂ ಸ್ಟಾಲಿನ್ ಭಕ್ತರಾಗಿಯೇ ಉಳಿದರು.

ಇಂಥ ಕಡೆ ಮೀಸೆಯ ರಾಕ್ಷಸ ಒಬ್ಬನನ್ನು ವಿಲನ್ ಮಾಡಿ ಮುಗಿಸಿದರೆ ಪೊಲಿನಾಳ ಆ ಪ್ರಶ್ನೆಗೆ ಜಾಗ ಎಲ್ಲಿ?

ಇದನ್ನು ಮೊದಲು ಕಂಡವನು ಸಿನಿಮಾದವನಲ್ಲ, ಒಬ್ಬ ಕವಿ. 1933ರ ಕೊನೆಯಲ್ಲಿ ಓಸಿಪ್ ಮಾಂಡೆಲ್‌ಸ್ಟಾಮ್ ಹದಿನಾರು ಸಾಲಿನ ಒಂದು ಪದ್ಯ ಕಟ್ಟಿದ. ಎಲ್ಲೂ ಅಚ್ಚು ಹಾಕಿಸಲಿಲ್ಲ, ಹತ್ತಿರದವರಿಗೆ ಹೇಳಿದ ಅಷ್ಟೇ. ಹುಳುವಿನ ಹಾಗೆ ದಪ್ಪ ಬೆರಳು, ಜಿರಲೆಯಂಥ ಮೀಸೆ ಅಂತೆಲ್ಲ ಅದರಲ್ಲಿ ಸ್ಟಾಲಿನ್‌ನ ವರ್ಣನೆ ಇದೆ, ಎಲ್ಲರೂ ನೆನಪಿಟ್ಟುಕೊಳ್ಳುವುದು ಅದನ್ನೇ. ಆದರೆ ನನಗೆ ಕಚ್ಚುವುದು ಮುಂದಿನ ಸಾಲುಗಳು. ಅವನ ಸುತ್ತ ಸಣಕಲು ಕುತ್ತಿಗೆಯ ನಾಯಕರ ಹಿಂಡು, ಅವರು ಅರ್ಧ ಮನುಷ್ಯರು, ಒಬ್ಬ ಸಿಳ್ಳೆ ಹಾಕುತ್ತಾನೆ, ಒಬ್ಬ ಮಿಯಾಂವ್ ಅನ್ನುತ್ತಾನೆ, ಒಬ್ಬ ಕುಂಯ್‌ಗುಡುತ್ತಾನೆ, ಈ ಅರ್ಧ ಮನುಷ್ಯರ ಸೇವೆಯ ಜೊತೆ ಅವನು ಆಟವಾಡುತ್ತಾನೆ ಅಂತ ಬರುತ್ತದೆ. 84 ವರ್ಷದ ಮೇಲೆ ಸಿನಿಮಾ ತೋರಿಸಿದ್ದು ಇದನ್ನೇ. ಪದ್ಯ ಕೇಳಿದ ಇನ್ನೊಬ್ಬ ಕವಿ ಪಾಸ್ಟರ್ನಾಕ್, ನೀನು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ ಅನ್ನುವ ಹಾಗೆ ಮಾತಾಡಿದನಂತೆ. ಕೇಳಿದವರಲ್ಲಿ ಯಾರೋ ಒಬ್ಬರು ಹೋಗಿ ಹೇಳಿದರು. 1934ರ ಮೇ ತಿಂಗಳಲ್ಲಿ ಮಾಂಡೆಲ್‌ಸ್ಟಾಮ್ ಬಂಧನವಾಯಿತು. ಆ ಸಲ ಗಡಿಪಾರಿಗೆ ಮುಗಿಯಿತು. ಎರಡನೇ ಸಲ ಬಂಧಿಸಿದಾಗ ಮುಗಿಯಲಿಲ್ಲ. 1938ರ ಡಿಸೆಂಬರ್ 27ರಂದು ವ್ಲಾಡಿವೊಸ್ಟಾಕ್ ಹತ್ತಿರದ ಒಂದು ಶಿಬಿರದಲ್ಲಿ ಸತ್ತ.

ಕವಿಗಳನ್ನು ಬಿಡಿ. ಸೋವಿಯತ್ ಕಾನೂನಿನ 58ನೇ ಕಲಮಿನ 10ನೇ ಉಪಕಲಮು ಸೋವಿಯತ್ ವಿರೋಧಿ ಪ್ರಚಾರಕ್ಕೆ ಸಂಬಂಧಿಸಿದ್ದು. ಅದರಡಿ ಒಂದು ಜೋಕ್ ಹೇಳಿದ್ದಕ್ಕೆ ವರ್ಷಗಟ್ಟಲೆ ಶಿಕ್ಷೆ ಅನುಭವಿಸಿದವರಿದ್ದಾರೆ. ಕೈದಿಗಳ ಕೈಯಲ್ಲಿ ತೋಡಿಸಿದ ಬಿಳಿ ಸಮುದ್ರದ ಕಾಲುವೆ ಬಗ್ಗೆ ಅಲ್ಲಿನ ಹಳೇ ಜೋಕ್ ಒಂದಿದೆ. ಈ ಕಾಲುವೆ ತೋಡಿದ್ದು ಯಾರು? ಬಲದಂಡೆ ತೋಡಿದ್ದು ಜೋಕ್ ಹೇಳಿದವರು. ಎಡದಂಡೆ? ಅದನ್ನು ಕೇಳಿ ನಕ್ಕವರು.

ಈಗ ಇನ್ನೊಂದು ದಾರಿಯನ್ನು ನೋಡೋಣ, ಸರ್ವಾಧಿಕಾರಿಯನ್ನೇ ನಡುವೆ ನಿಲ್ಲಿಸಿ ಲೇವಡಿ ಮಾಡುವ ದಾರಿ. ಇದರಲ್ಲಿ ಚಾಪ್ಲಿನ್‌ನನ್ನು ಮೀರಿಸಿದವರಿಲ್ಲ. ಹಿಟ್ಲರ್‌ಗಿಂತ ನಾಲ್ಕೇ ದಿನ ಮೊದಲು ಹುಟ್ಟಿದವನು, ಇಬ್ಬರಿಗೂ ಅದೇ ತರದ ತುಂಡು ಮೀಸೆ. 'ದಿ ಗ್ರೇಟ್ ಡಿಕ್ಟೇಟರ್' ಬಂದದ್ದು 1940ರ ಅಕ್ಟೋಬರಿನಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಭೂಗೋಳದ ಬಲೂನು ಹಿಡಿದು ಕುಣಿಯುವ ದೃಶ್ಯ ಇಂದಿಗೂ ಹೊಸದಾಗಿದೆ. ಆದರೆ 1964ರ ತನ್ನ ಆತ್ಮಕಥೆಯಲ್ಲಿ ಚಾಪ್ಲಿನ್‌ನೇ ಬರೆದ, ನಾಜಿ ಶಿಬಿರಗಳಲ್ಲಿ ನಿಜವಾಗಿ ಏನು ನಡೆಯುತ್ತಿತ್ತು ಅಂತ ಆಗ ಗೊತ್ತಿದ್ದರೆ ನಾನು ಈ ಸಿನಿಮಾ ಮಾಡಲು ಆಗುತ್ತಿರಲಿಲ್ಲ, ಅವರ ಕೊಲೆಗಡುಕ ಹುಚ್ಚನ್ನು ತಮಾಷೆ ಮಾಡಲು ಆಗುತ್ತಿರಲಿಲ್ಲ ಅಂತ. ಆ ಸಂಕೋಚ ನಾಟಕದ್ದಲ್ಲ. ಆದರೂ ಆ ಹೊತ್ತಿಗೆ ಆ ನಗು ಬೇಕಿತ್ತು ಅಂತ ನನಗನ್ನಿಸುತ್ತದೆ. ಇಡೀ ಜಗತ್ತು ಹಿಟ್ಲರ್‌ನ ಮೆರವಣಿಗೆ, ಬಾವುಟ, ಭಾಷಣ ನೋಡಿ ಬೆರಗಾಗಿತ್ತು. ಬದುಕಿದ್ದ, ಬೆಳೆಯುತ್ತಿದ್ದ ಸರ್ವಾಧಿಕಾರಿಯ ಆ ಪ್ರಭಾವಳಿಯನ್ನು ಕಿತ್ತುಹಾಕಲು ಕೋಡಂಗಿ ವೇಷ ಸರಿಯಾದ ಆಯುಧ.

ಅದೇ ಆಯುಧ ತಪ್ಪು ಕೈಗೆ ಸಿಕ್ಕರೆ 2014ರ 'ದಿ ಇಂಟರ್‌ವ್ಯೂ' ಆಗುತ್ತದೆ. ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್‌ನನ್ನು ಹೆಸರು ಹಿಡಿದೇ ವಿಲನ್ ಮಾಡಿ, ಕೊನೆಗೆ ಸಾಯಿಸುವ ಅಮೆರಿಕದ ಹಾಸ್ಯ ಸಿನಿಮಾ. ಬಿಡುಗಡೆಗೆ ಮೊದಲೇ ಸೋನಿ ಕಂಪನಿಯ ಕಂಪ್ಯೂಟರುಗಳಿಗೆ ಕನ್ನ ಬಿತ್ತು, ನೌಕರರ ವಿವರ, ಈಮೇಲ್ ಎಲ್ಲ ಬೀದಿಗೆ ಬಂದವು. ಅಮೆರಿಕದ ಸರ್ಕಾರ ಇದು ಉತ್ತರ ಕೊರಿಯಾದ ಕೆಲಸ ಅಂದಿತು, ಅವರು ಅಲ್ಲ ಅಂದರು. ಗಲಾಟೆಯಿಂದಾಗಿ ಆ ಸಿನಿಮಾ ಒಂದು ದೊಡ್ಡ ಸ್ವಾತಂತ್ರ್ಯದ ಪ್ರಶ್ನೆ ಆಯಿತು. ನೋಡಿದರೆ ಅದು ಅಷ್ಟೇನೂ ಕಚ್ಚುವುದಿಲ್ಲ. ಕಿಮ್ ಒಬ್ಬ ಮೊದ್ದು, ಮಗುವಿನ ಬುದ್ಧಿಯವನು, ಅವನನ್ನು ಟೀವಿಯಲ್ಲಿ ಅಳಿಸಿದರೆ ಆಡಳಿತ ಬಿದ್ದುಹೋಗುತ್ತದೆ ಎನ್ನುವುದು ಅದರ ಲೆಕ್ಕ. ಮೂರು ತಲೆಮಾರು ನಡೆದುಬಂದ ವ್ಯವಸ್ಥೆ, ಅದರ ಗೂಢಚಾರರು, ಅಕ್ಕಪಕ್ಕದ ಮನೆಯವರ ಮೇಲೆ ಕಣ್ಣಿಡುವ ಜನ ಯಾರೂ ಅದರಲ್ಲಿಲ್ಲ. ನೋಡುವವನು ಪಾಪ್‌ಕಾರ್ನ್ ತಿಂದು, ಅಬ್ಬಾ ನಾನು ಅಲ್ಲಿ ಹುಟ್ಟಲಿಲ್ಲ ಅಂತ ಎದ್ದುಹೋಗಬಹುದು.

ಇಯಾನುಚಿ ಹಾಗೆ ಎದ್ದುಹೋಗಲು ಬಿಡುವುದಿಲ್ಲ. ಅವನ ಉಪಾಯ ಒಂದಿದೆ, ಬಹಳ ಸರಳವಾದದ್ದು. ಯಾವ ನಟನೂ ರಷ್ಯನ್ ರಾಗದಲ್ಲಿ ಇಂಗ್ಲಿಷ್ ಮಾತಾಡುವುದಿಲ್ಲ. ಸ್ಟಾಲಿನ್ ಲಂಡನ್ನಿನ ಗಲ್ಲಿ ಮಾತು ಆಡುತ್ತಾನೆ, ಝುಕೋವ್ ಯಾರ್ಕ್‌ಶೈರ್ ಹಳ್ಳಿ ಗೌಡನ ಹಾಗೆ ಗದರುತ್ತಾನೆ, ಕ್ರುಶ್ಚೇವ್ ನ್ಯೂಯಾರ್ಕಿನವನು. ನಮ್ಮಲ್ಲಿ ಮಾಡಿದರೆ ಬೆರಿಯಾ ಮೈಸೂರಿನ ನಯವಾದ ಕನ್ನಡ, ಝುಕೋವ್ ಬೆಳಗಾವಿ ಕಡೆಯ ಗಡಸು ಕನ್ನಡ, ಮಲೆಂಕೋವ್ ಮಂಗಳೂರಿನ ಎಣಿಸಿಟ್ಟ ಕನ್ನಡ ಆಡಿದ ಹಾಗೆ. (ಯಾವ ಊರಿನವರೂ ಬೇಜಾರು ಮಾಡಿಕೊಳ್ಳಬೇಡಿ.) ಕೇಳುತ್ತಿದ್ದ ಹಾಗೇ ಇವರು ಎಲ್ಲೋ ದೂರದ ರಷ್ಯನ್ನರು ಎನ್ನುವುದು ಮರೆತುಹೋಗಿ, ಅರೆ, ಇಂಥವನು ನಮ್ಮ ಆಫೀಸಿನಲ್ಲೂ ಇದ್ದಾನಲ್ಲ ಅನ್ನಿಸಲು ಶುರುವಾಗುತ್ತದೆ. ಸಾಹೇಬರು ನಕ್ಕ ಮೇಲೆ ನಗುವವನು, ಮೀಟಿಂಗ್ ಮುಗಿದ ಮೇಲೆ 'ನಾನು ಆಗಲೇ ಹೇಳಬೇಕು ಅಂತಿದ್ದೆ' ಅನ್ನುವವನು.

ಹಾಗಂತ ಆ ಸಿನಿಮಾ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅದೂ ಕೊನೆಗೆ ಒಬ್ಬ ವಿಲನ್‌ನನ್ನು ಹುಡುಕಿಕೊಳ್ಳುತ್ತದೆ, ಬೆರಿಯಾ. ಗುಪ್ತ ಪೊಲೀಸರ ಮುಖ್ಯಸ್ಥ, ಹೆಂಗಸರ ಮೇಲೆ ಅತ್ಯಾಚಾರ ಮಾಡುತ್ತಿದ್ದವನು, ಅವನ ಬಗ್ಗೆ ಕನಿಕರ ಬೇಡವೇ ಬೇಡ. ಆದರೆ ಅವನಿಗೆ ಗುಂಡು ಬಿದ್ದಾಗ ನೋಡುವವನಿಗೆ ಒಂದು ನಿರಾಳ ಸಿಗುತ್ತದೆ, ಕ್ರುಶ್ಚೇವ್ ಹೀರೋ ಅಲ್ಲದಿದ್ದರೂ ಪರವಾಗಿಲ್ಲದವನು ಎನ್ನುವ ಭಾವನೆ ಬರುತ್ತದೆ. ಅದೇ ಕ್ರುಶ್ಚೇವ್ 1937ರ ಜುಲೈನಲ್ಲಿ ಮಾಸ್ಕೋ ಪಕ್ಷದ ಮುಖ್ಯಸ್ಥನಾಗಿ ಸ್ಟಾಲಿನ್‌ಗೆ ಲೆಕ್ಕ ಬರೆದು ಕಳಿಸಿದ್ದ. ನಮ್ಮಲ್ಲಿ ಶಿಕ್ಷೆಗೆ ಯೋಗ್ಯರಾದವರು ಇಷ್ಟು ಮಂದಿ ಅಂತ 41 ಸಾವಿರ ಚಿಲ್ಲರೆ ಜನರ ಲೆಕ್ಕ, ಅದರಲ್ಲಿ ಗುಂಡಿಗೆ ಇಷ್ಟು, ಶಿಬಿರಕ್ಕೆ ಇಷ್ಟು. ಗೋಡೌನಿನ ದಾಸ್ತಾನು ಬರೆದ ಹಾಗೆ. ಸಿನಿಮಾ ಅವನ ಕೈ ಶುದ್ಧ ಅನ್ನುವುದಿಲ್ಲ, ನಿಜ. ಈ ಕಾಗದವನ್ನು ತೋರಿಸುವುದೂ ಇಲ್ಲ.

ವಿಲನ್ ಯಾರು ಎನ್ನುವುದನ್ನು ಸೋವಿಯತ್ ಪಕ್ಷವೇ ಎರಡು ಸಲ ಬರೆದುಕೊಟ್ಟಿತು, ಪ್ರತಿ ಸಲವೂ ಒಬ್ಬೊಬ್ಬನದ್ದೇ ಹೆಸರು. ಮೊದಲನೇ ಸಲ 1953ರಲ್ಲಿ. ಜೂನ್ 26ರಂದು ಬೆರಿಯಾನನ್ನು ಹಿಡಿದರು, ಡಿಸೆಂಬರ್ 23ರಂದು ಕೊಂದರು. ಆಮೇಲೆ ಸೋವಿಯತ್ ವಿಶ್ವಕೋಶ ತರಿಸುತ್ತಿದ್ದವರ ಮನೆಗೆ ಒಂದು ಲಕೋಟೆ ಬಂತು. ಐದನೇ ಸಂಪುಟದ 21ರಿಂದ 24ನೇ ಪುಟಗಳನ್ನು ಕತ್ತರಿಯಿಂದಲೋ ಬ್ಲೇಡಿನಿಂದಲೋ ತೆಗೆದು, ಇದರ ಜೊತೆ ಕಳಿಸಿರುವ ಪುಟ ಅಂಟಿಸಿಕೊಳ್ಳಿ ಅಂತ. ಬೆರಿಯಾನ ಲೇಖನ, ಫೋಟೋ ಇದ್ದ ಜಾಗಕ್ಕೆ ಬೆರಿಂಗ್ ಸಮುದ್ರ ಬಂದು ಕೂತಿತು. ಎರಡನೇ ಸಲ 1956ರ ಫೆಬ್ರವರಿ 25ರಂದು. ಪಕ್ಷದ ಮಹಾ ಅಧಿವೇಶನದಲ್ಲಿ, ಬಾಗಿಲು ಮುಚ್ಚಿಕೊಂಡು, ಕ್ರುಶ್ಚೇವ್ ಸ್ಟಾಲಿನ್‌ನ ವ್ಯಕ್ತಿಪೂಜೆ ಬಗ್ಗೆ ಗಂಟೆಗಟ್ಟಲೆ ಮಾತಾಡಿದ. ಧೈರ್ಯದ ಕೆಲಸವೇ, ಅದನ್ನು ಅಲ್ಲಗಳೆಯಲಾಗದು. ಲಕ್ಷಾಂತರ ಜನ ಶಿಬಿರದಿಂದ ಮನೆಗೆ ಬರಲು ಅದರಿಂದ ದಾರಿ ಸಲೀಸಾಯಿತು. ಆದರೆ ಅದರ ಇನ್ನೊಂದು ಕೆಲಸ ಏನೆಂದರೆ, ತಪ್ಪೆಲ್ಲ ಒಬ್ಬನದು, ಅವನು ಸತ್ತ, ಪಕ್ಷ ಶುದ್ಧ ಅಂತ ಷರಾ ಬರೆದು ಕಡತ ಮುಚ್ಚಿದ್ದು. ಪಟ್ಟಿ ಮಾಡಿದವರು, ಮುದ್ರೆ ಒತ್ತಿದವರು, ಪಕ್ಕದ ಮನೆಯವನ ರೂಮು ಸಿಗಲಿ ಅಂತ ಅವನ ಮೇಲೆ ಚಾಡಿ ಬರೆದವರು ಎಲ್ಲ ಪಿಂಚಣಿ ತಗೊಂಡು ಆರಾಮವಾಗಿ ಬದುಕಿದರು.

ಅದಕ್ಕೇ ಹೇಳಿದ್ದು, ಸ್ಟಾಲಿನ್ ಒಬ್ಬನನ್ನು ರಾಕ್ಷಸ ಅಂದರೆ ಸರ್ಕಾರಕ್ಕೆ ಹೆಚ್ಚು ನೋವಿಲ್ಲ. ಬೇಕಾದಾಗ ರಾಕ್ಷಸ ಅನ್ನಬಹುದು, ಬೇಕಾದಾಗ ಯುದ್ಧ ಗೆದ್ದ ದಂಡನಾಯಕ ಅಂತ ಮೆಟ್ರೋದಲ್ಲಿ ನಿಲ್ಲಿಸಬಹುದು. ಆದರೆ ಸಹಿ ಮಾಡಿದವರು, ಕಾವಲು ಕಾದವರು, ಚಪ್ಪಾಳೆ ತಟ್ಟಿದವರು ಯಾರು ಅಂತ ಹೆಸರು ಹುಡುಕಲು ಹೊರಟರೆ ಕಷ್ಟ. ಮೂವತ್ತು ವರ್ಷ ಕೂತು ಆ ಕೆಲಸ ಮಾಡಿದ ಮೆಮೋರಿಯಲ್ ಎನ್ನುವ ಸಂಸ್ಥೆ ಸತ್ತವರ ಹೆಸರಿನ ಜೊತೆ ಕೊಂದವರ ಹೆಸರನ್ನೂ ಪಟ್ಟಿ ಮಾಡಿ ಪ್ರಕಟಿಸಿತು. 2021ರ ಡಿಸೆಂಬರಿನಲ್ಲಿ ರಷ್ಯಾದ ಸುಪ್ರೀಂ ಕೋರ್ಟ್ ಅದನ್ನು ಮುಚ್ಚಲು ಆದೇಶ ಕೊಟ್ಟಿತು. ಮರುವರ್ಷ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಬಂತು.

ಈಗಿನ ಆಡಳಿತಕ್ಕೆ ತನ್ನ ಮೇಲಿನ ವಿಡಂಬನೆ ಹೇಗೆ ತಗುಲುತ್ತದೆ ಅನ್ನುವುದಕ್ಕೂ ಒಂದು ಕಥೆ ಇದೆ. 90ರ ದಶಕದಲ್ಲಿ ಎನ್‌ಟಿವಿ ಚಾನೆಲ್‌ನಲ್ಲಿ 'ಕುಕ್ಲಿ' ಅಂತ ಗೊಂಬೆಯಾಟದ ಕಾರ್ಯಕ್ರಮ ಬರುತ್ತಿತ್ತು, ಆಗಿನ ಅಧ್ಯಕ್ಷ ಯೆಲ್ತ್ಸಿನ್‌ನಿಂದ ಹಿಡಿದು ಎಲ್ಲ ನಾಯಕರ ರಬ್ಬರ್ ಗೊಂಬೆ ಇಟ್ಟು ಆಡಿಸುತ್ತಿದ್ದರು. 2000ದ ಜನವರಿಯಲ್ಲಿ, ಪುಟಿನ್ ಹಂಗಾಮಿ ಅಧ್ಯಕ್ಷರಾಗಿದ್ದಾಗ, ಹಳೆಯ ಜರ್ಮನ್ ಕಥೆಯೊಂದನ್ನು ಇಟ್ಟುಕೊಂಡು ಅವರನ್ನು ಒಬ್ಬ ಕುಳ್ಳನಾಗಿ ತೋರಿಸಿದರು. ಮಾಯೆಯಿಂದ ಎಲ್ಲರ ಕಣ್ಣಿಗೂ ಆ ಕುಳ್ಳ ಸುಂದರನಾಗಿ, ಮಹಾಪುರುಷನಾಗಿ ಕಾಣುತ್ತಾನೆ. ಸುತ್ತ ಇದ್ದವರೆಲ್ಲ ಹೊಗಳುತ್ತಾರೆ. ಇಲ್ಲೂ ಅದೇ ನೋಡಿ, ಕುಳ್ಳನಿಗಿಂತ ಹೊಗಳುವವರೇ ತಮಾಷೆ. ಮರುವರ್ಷ ಆ ಚಾನೆಲ್ ಸರ್ಕಾರದ ಹಿಡಿತದ ಗ್ಯಾಸ್‌ಪ್ರೋಮ್ ಕಂಪನಿಯ ಕೈಗೆ ಹೋಯಿತು. 2002ರಲ್ಲಿ ಗೊಂಬೆಗಳು ಪೆಟ್ಟಿಗೆ ಸೇರಿದವು. ಅದಕ್ಕೆ ಬರೆಯುತ್ತಿದ್ದ ವಿಕ್ಟರ್ ಶೆಂಡೆರೊವಿಚ್‌ಗೆ 2021ರ ಕೊನೆಯಲ್ಲಿ 'ವಿದೇಶಿ ಏಜೆಂಟ್' ಹಣೆಪಟ್ಟಿ ಹಚ್ಚಿದರು. ಮುಂದಿನ ತಿಂಗಳು ಆತ ದೇಶ ಬಿಟ್ಟ.

ನಾವೇನೂ ಈ ವಿಷಯದಲ್ಲಿ ಸಾಚಾ ಅಲ್ಲ. ತುರ್ತು ಪರಿಸ್ಥಿತಿಯನ್ನು ಸ್ಟಾಲಿನ್ ಕಾಲದ ಜೊತೆ ತೂಗುವುದು ಸರಿಯಲ್ಲ, ಸಾವಿನ ಲೆಕ್ಕದಲ್ಲಿ ಅಜಗಜಾಂತರ. ಆದರೆ ಅಮೃತ್ ನಹಾತಾ ಎನ್ನುವ, ಸ್ವತಃ ಕಾಂಗ್ರೆಸ್ ಸಂಸದರಾಗಿದ್ದವರು ಮಾಡಿದ, ಆಗಿನ ಇಂದಿರಾ ಸರ್ಕಾರವನ್ನು ಲೇವಡಿ ಮಾಡುವ 'ಕಿಸ್ಸಾ ಕುರ್ಸಿ ಕಾ' ಸಿನಿಮಾದ ರೀಲುಗಳನ್ನು ವಶಪಡಿಸಿಕೊಂಡು, ಗುರ್‌ಗಾಂವ್‌ನ ಮಾರುತಿ ಕಾರ್ಖಾನೆಯಲ್ಲಿ ಸುಟ್ಟರು ಅನ್ನುವುದು ಮುಂದೆ ದೊಡ್ಡ ಮೊಕದ್ದಮೆಯೇ ಆಯಿತು. 1979ರಲ್ಲಿ ಕೆಳ ನ್ಯಾಯಾಲಯ ಸಂಜಯ್ ಗಾಂಧಿ ಮತ್ತು ತುರ್ತು ಪರಿಸ್ಥಿತಿ ಕಾಲದ ವಾರ್ತಾ ಸಚಿವ ವಿ.ಸಿ. ಶುಕ್ಲಾರಿಗೆ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟ್‌ನಲ್ಲಿ ಬಿಡುಗಡೆ ಆಯಿತು. ಆ ಸಿನಿಮಾದಲ್ಲೂ ಅಧ್ಯಕ್ಷನಷ್ಟೇ ಜಾಗ ಅವನ ಹಿಂಬಾಲಕರಿಗಿತ್ತು. ಜನತಾ ಅಂತ ಹೆಸರಿಟ್ಟ ಪಾತ್ರಕ್ಕೆ ಮಾತೇ ಬರುತ್ತಿರಲಿಲ್ಲ, ಮೂಕಿ.

ಮತ್ತೆ ಟಗಾನ್‌ಸ್ಕಾಯಾ ನಿಲ್ದಾಣಕ್ಕೆ ಬರೋಣ. ಶಿಲ್ಪ ಬಂದ ಮೇಲೆ ಕೆಲವರು ಅದರ ಕೆಳಗೆ ಹೂ ಇಟ್ಟರು. ಇನ್ನು ಕೆಲವರು ಒಂದೆರಡು ಪೋಸ್ಟರ್ ತಂದಿಟ್ಟರು. ಅದರಲ್ಲಿ ಬೈಗುಳ ಇರಲಿಲ್ಲ, ಜೋಕ್ ಇರಲಿಲ್ಲ, ಜಿರಲೆ ಮೀಸೆಯ ಪದ್ಯವೂ ಇರಲಿಲ್ಲ. ಇದ್ದದ್ದು ಹಿಂದೆ ಯಾವಾಗಲೋ ಪುಟಿನ್ ಮತ್ತು ಮಾಜಿ ಅಧ್ಯಕ್ಷ ಮೆಡ್ವೆಡೆವ್ ಸ್ಟಾಲಿನ್‌ನ ಅಪರಾಧಗಳ ಬಗ್ಗೆ ಆಡಿದ್ದ ಮಾತುಗಳು, ಅವರದ್ದೇ ಹೆಸರು ಹಾಕಿ. ಹೂಗಳು ಅಲ್ಲೇ ಉಳಿದವು, ಪೋಸ್ಟರುಗಳು ಹೆಚ್ಚು ಹೊತ್ತು ಉಳಿಯಲಿಲ್ಲ.